ಬಾಗಿಲಿಗೆ ಅಡ್ಡ ನಿಂತ ವರದಾ ಟೀಚರ್

ವರದಾಗೆ ಎಡಗಿವಿ ಕೇಳಿಸುವುದಿಲ್ಲ. ಧಾರವಾಡದ ಮನೆಯ ಪಡಸಾಲೆಯಲ್ಲಿ ಕೂತು ಪಾಟಿಯ ಮೇಲೆ ‘ಋ’ ತಿದ್ದುತ್ತಿದ್ದಾಗ ಅಪ್ಪ ಕೊಟ್ಟ ಏಟಿಗೆ ಅದು ಹೋಯಿತು. ಅಪ್ಪ ಮಧ್ವೇಶ ಮಾಸ್ತರರು ಸಾಲೆಯಲ್ಲೂ ಹೊಡೆಯುತ್ತಿದ್ದರು, ಮನೆಯಲ್ಲೂ ಹೊಡೆಯುತ್ತಿದ್ದರು. ಓಣಿಯವರು ಅದಕ್ಕೆ ಶಿಸ್ತು ಎನ್ನುತ್ತಿದ್ದರು. ಪ್ರತಿ ಏಟಿಗೂ ಅವರದೊಂದೇ ಪ್ರಶ್ನೆ: “ಬರ್ತದೋ ಇಲ್ಲೋ? ಬರ್ತದೋ ಇಲ್ಲೋ?” ಬರುತ್ತದೆ ಎನ್ನಲು ಬಾಯಿ ತೆರೆದರೆ ಅಳು ಬರುತ್ತಿತ್ತು. ಅತ್ತದ್ದಕ್ಕೆ ಮತ್ತೊಂದು ಬೀಳುತ್ತಿತ್ತು. ಅಮ್ಮ ಅಡುಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು.

ಅಂಥ ಮನೆಯಿಂದ ಬಂದ ಹುಡುಗಿ ತಾನೂ ಟೀಚರ್ ಆದಳು ಎಂದರೆ ಜನ ಅಪ್ಪನ ವಿದ್ಯೆ ಮಗಳಿಗೆ ಬಂತು ಎನ್ನುತ್ತಾರೆ. ವರದಾ ಹಾಗೆ ಎಂದೂ ಹೇಳಿಕೊಂಡವಳಲ್ಲ. ಮದುವೆಯಾಗಿ ಪುಣೆಗೆ ಬಂದಳು. ಗಂಡ ಬಾಳಕೃಷ್ಣ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ ಹತ್ತುವವ, ತರಕಾರಿ ಗಾಡಿಯವನ ಜೊತೆಗೂ ದನಿ ಎತ್ತದವ. ಮಕ್ಕಳಾಗಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಬೇಸತ್ತ ವರದಾ ಒಂದು ವರ್ಷ ತರಬೇತಿ ಮುಗಿಸಿ, ಪರ್ವತಿ ಗುಡ್ಡದ ಬುಡದ ಒಂದು ಬಾಲವಾಡಿಗೆ ಸೇರಿಕೊಂಡಳು. ಅಲ್ಲೇ ಅವಳ ತಲೆಗೂದಲು ನರೆಯಿತು.

ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಎರಡು ಕೋಣೆ, ಮುಂದೊಂದು ಸಣ್ಣ ಅಂಗಳ, ಅಂಗಳಕ್ಕೊಂದು ಗೇಟು. ರಿಕ್ಷಾ ಓಡಿಸುವವರ, ಮನೆಗೆಲಸದವರ, ಹೋಟೆಲಿನ ಅಡುಗೆಯವರ ಮಕ್ಕಳು ಬರುತ್ತಿದ್ದವು. ನಡೆಸುವವರು ಗಂಗೂಬಾಯಿ ಎಂಬ ಮರಾಠಿ ಮುದುಕಿ. ಹಿಂದಿನ ಕೋಣೆಯಲ್ಲಿ ಅವರ ಕಚೇರಿ, ಮುಂದಿನದರಲ್ಲಿ ವರದಾಳ ತರಗತಿ. ಸಹಾಯಕ್ಕೆ ಅಥಣಿ ಕಡೆಯ ಕಲ್ಲವ್ವ ಇದ್ದಳು. ಮಕ್ಕಳ ಜೊತೆ ಇಬ್ಬರೂ ಮರಾಠಿ ಆಡುತ್ತಿದ್ದರು, ತಮ್ಮತಮ್ಮೊಳಗೆ ಕನ್ನಡ.

ಆ ಕೋಣೆಯಲ್ಲಿ ಒಂದೇ ಕಟ್ಟುನಿಟ್ಟು ಇತ್ತು. ಯಾರ ಕೈಯೂ ಯಾರ ಮೇಲೂ ಬೀಳಕೂಡದು. ಮಕ್ಕಳದ್ದೂ ಅಷ್ಟೇ, ದೊಡ್ಡವರದ್ದೂ ಅಷ್ಟೇ. ಹೇಳುವುದು ಸುಲಭ. ಹೊರಗಿನ ಓಣಿ ಹಾಗಿರಲಿಲ್ಲ. ಕಬ್ಬು ಕಡಿಯುವ ಬಾಗಿದ ಮಚ್ಚು, ಪುಣೆಯವರು ಕೊಯ್ತಾ ಎನ್ನುವುದು, ಈಗೀಗ ಪೋರರ ಕೈಗೆ ಬಂದಿತ್ತು. ರಾತ್ರಿ ಯಾರೋ ಬಂದು ನಿಲ್ಲಿಸಿದ್ದ ಬೈಕುಗಳನ್ನೆಲ್ಲ ಕಡಿದು, ರಿಕ್ಷಾಗಳ ಗಾಜು ಒಡೆದು, ಕೂಗುತ್ತ ಹೋಗುತ್ತಿದ್ದರು. ಮರುದಿನ ಬೆಳಗ್ಗೆ ಮಕ್ಕಳು ಚಪ್ಪಲಿಯಡಿ ಗಾಜಿನ ಚೂರು ಕರಕರ ಎನ್ನಿಸುತ್ತ ಬರುತ್ತಿದ್ದವು. ಬಂದು ಕೂತು ಮರದ ತುಂಡುಗಳನ್ನು ಜೋಡಿಸಿ ಮನೆ ಕಟ್ಟಿ ಎಂದರೆ ಕೊಯ್ತಾ ಕಟ್ಟುತ್ತಿದ್ದವು. ಕಣಕದ ಮುದ್ದೆ ಕೊಟ್ಟು ಹಣ್ಣು ಮಾಡಿ ಎಂದರೆ ಒಬ್ಬ ಮನುಷ್ಯನನ್ನು ಮಾಡಿ, ಅವನ ಕುತ್ತಿಗೆಯನ್ನು ಸ್ಕೇಲಿನಿಂದ ಕತ್ತರಿಸುತ್ತಿದ್ದವು.

ವರದಾ ಬೈಯುತ್ತಿರಲಿಲ್ಲ. ಕತ್ತರಿಸಿದ ಮುದ್ದೆಯನ್ನು ಮುಂದಿಟ್ಟು, “ಇವನಿಗೆ ಈಗ ಏನು ಮಾಡೋಣ?” ಎಂದು ಕೇಳುತ್ತಿದ್ದಳು. ಯಾರಾದರೂ ಒಬ್ಬರು ಜೋಡಿಸುತ್ತಿದ್ದರು. ಬೆಳಗಿನ ಕೆಲಸಗಳು ಒಂದಾದಮೇಲೊಂದು ನಡೆಯುತ್ತಿದ್ದವು: ತಟ್ಟೆಯಲ್ಲಿ ರವೆ ಹರಡಿ ಬೆರಳಿನಿಂದ ಗೆರೆ ಎಳೆಯುವುದು, ರಾಜ್ಮಾ ಮತ್ತು ಕಡಲೆ ಬೆರೆಸಿ ಬೇರ್ಪಡಿಸುವುದು, ಕುಟ್ಟಾಣಿಯಲ್ಲಿ ಕೊತ್ತಂಬರಿ ಬೀಜ ಕುಟ್ಟಿ ಮೂಸುವುದು. ಗದ್ದಲ ಹೆಚ್ಚಾದಾಗ ಆಮೆಯ ಆಟ. ಟೀಚರ್ “ಆಮೆ!” ಎಂದ ಕೂಡಲೇ ಎಲ್ಲರೂ ಮಂಡಿಯೂರಿ, ತಲೆ ಒಳಗೆ ಹುದುಗಿಸಿ, ಕಣ್ಣು ಮುಚ್ಚಿ ಚಿಪ್ಪಾಗಬೇಕು. ಬೆನ್ನಿನ ಮೇಲೆ ಟೀಚರ್ ಕೈಯಾಡಿಸುವವರೆಗೂ ಅಲುಗಾಡುವಂತಿಲ್ಲ.

ಶ್ರದ್ಧಾ ಎಂಬ ಹುಡುಗಿ ಸೇರಿದ್ದು ಜೂನ್‌ನಲ್ಲಿ. ಸಣ್ಣ ದೇಹ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ತಾಯಿ ಸುಗಂಧಾ ನಿಪ್ಪಾಣಿಯವಳು, ಒಂದು ಮೆಸ್ಸಿನಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ತಂದೆ ಏಕನಾಥ ಕಾಗವಾಡ ಕಡೆಯವ, ಟೆಂಪೊ ಓಡಿಸುತ್ತಿದ್ದ. ಮೊದಲ ವಾರವೇ ಶ್ರದ್ಧಾ ಮಂದಾರ ಎಂಬ ಹುಡುಗನ ಕೆನ್ನೆ ಕಚ್ಚಿದಳು. ಮಣಿ ಪೋಣಿಸುವ ದಾರ ಅವನು ಎಳೆದನಂತೆ. ಕಲ್ಲವ್ವ ದವಡೆ ಒತ್ತಿ ಬಿಡಿಸಬೇಕಾಯಿತು; ಕೆನ್ನೆಯಲ್ಲಿ ಹಲ್ಲಿನ ಸಾಲು ಕೂತು ರಕ್ತ ಒಸರಿತ್ತು. ಮಂದಾರನ ತಂದೆ ಸಂಜೆ ಬಂದು ಗೇಟಿನ ಹೊರಗೇ ನಿಂತು, ಆ ಹುಡುಗಿಯನ್ನು ಹಿಡಿದುಕೊಳ್ಳಿ, ನನ್ನ ಮಗ ತಿರುಗಿ ಕಚ್ಚಲಿ, ಲೆಕ್ಕ ಮುಗಿಯಲಿ ಎಂದು ಕೂಗಾಡಿದ. ವರದಾ ಕೈಮುಗಿದು, ಇಲ್ಲಿ ಅದು ನಡೆಯುವುದಿಲ್ಲ ಎಂದಳು. ಅವನು ಗೇಟು ಒದ್ದು ಹೋದ.

ಕೋಣೆಯ ಒಂದು ಮೂಲೆಯಲ್ಲಿ ಗೊಂಬೆಮನೆ ಇತ್ತು. ಸಣ್ಣ ಒಲೆ, ಪಾತ್ರೆ, ರಟ್ಟಿನ ಟೀವಿ, ಬಟ್ಟೆಯ ಗೊಂಬೆ. ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಗ್ಗೆ ಶ್ರದ್ಧಾ ಅಲ್ಲಿ ಒಬ್ಬಳೇ ಆಡುತ್ತಿದ್ದಳು. ವರದಾ ಕಡಲೆ ಡಬ್ಬಿ ತುಂಬುತ್ತ ಓರೆಗಣ್ಣಿನಿಂದ ನೋಡಿದಳು. ಹುಡುಗಿ ಮೊದಲು ಬಾಗಿಲು ಹಾಕಿದಂತೆ ಮಾಡಿದಳು. ಆಮೇಲೆ ರಟ್ಟಿನ ಟೀವಿಯ ದನಿ ಜೋರು ಮಾಡಿದಂತೆ ತಿರುವಿದಳು. ಗೊಂಬೆಯ ಕೂದಲನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಕಪಾಟಿಗೆ ಬಡಿದಳು. ಮತ್ತೆ ಬಡಿದಳು. ಸಿಟ್ಟಿರಲಿಲ್ಲ, ಮುಖದಲ್ಲಿ ಏನೂ ಇರಲಿಲ್ಲ. ಪಾತ್ರೆ ತೊಳೆಯುವವರ ಮುಖ ಹೇಗಿರುತ್ತದೋ ಹಾಗಿತ್ತು. ಮುಗಿದಮೇಲೆ ಟೀವಿಯ ದನಿ ಇಳಿಸಿ, ಗೊಂಬೆಯನ್ನು ಒಲೆಯ ಮುಂದೆ ಕೂರಿಸಿ, “ಚಹಾ ಮಾಡು” ಎಂದಳು.

ಟೀವಿಯ ದನಿ ಏರಿಸಿದ್ದನ್ನು ಕಂಡು ವರದಾ ಕಡಲೆ ತುಂಬುವುದನ್ನು ನಿಲ್ಲಿಸಿದಳು. ಮಕ್ಕಳು ಹೊಡೆದಾಟವನ್ನು ಬೀದಿಯಲ್ಲೂ ಕಲಿಯುತ್ತವೆ. ದನಿ ಏರಿಸುವುದನ್ನು ಮಾತ್ರ ಮನೆಯೊಳಗೆ ಕೂತು ನೋಡಿಯೇ ಕಲಿಯಬೇಕು.

ಸಂಜೆ ಸುಗಂಧಾ ಬಂದಾಗ ಅವಳನ್ನು ಪಕ್ಕಕ್ಕೆ ಕರೆದಳು.

“ಸುಗಂಧಾ, ಮನಿಯೊಳಗ ಏನು ನಡದದ?”

“ಏನಿಲ್ರಿ ಅಕ್ಕೋರ. ಯಾಕ್ರಿ?”

“ಹೊಡೀತಾನೇನು?”

ಸುಗಂಧಾ ಸೆರಗನ್ನು ಕುತ್ತಿಗೆಯವರೆಗೂ ಎಳೆದುಕೊಂಡಳು. “ಎಲ್ಲಾರ ಮನ್ಯಾಗೂ ಇರೂದs ಐತ್ರಿ. ಕುಡದಾಗ ಅಷ್ಟ.”

“ಹುಡುಗಿ ಎಲ್ಲಾ ನೋಡ್ಲಿಕ್ಕತ್ತದ. ನನಗ ತೋರಸ್ತು.”

ಸುಗಂಧಾ ಮಗಳ ಕೈ ಹಿಡಿದು ಹೊರಟುಹೋದಳು. ಅದಾಗಿ ಕೆಲವು ದಿನ ಶ್ರದ್ಧಾಳನ್ನು ಬಾಲವಾಡಿಗೆ ಕಳಿಸಲೂ ಇಲ್ಲ. ಕೇಳಿ ತಪ್ಪು ಮಾಡಿದೆನೇನೋ ಎಂದು ವರದಾ ಒದ್ದಾಡಿದಳು.

ದೀಪಾವಳಿ ಸೂಟಿ ಮುಗಿದ ಮೇಲೆ ಸುಗಂಧಾ ತಾನಾಗಿಯೇ ಬಂದಳು. ಬಲಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಹೆಗಲ ಮೂಳೆ ಮುರಿದಿತ್ತು, ಒಂದು ಕಣ್ಣಿನ ಬಿಳಿ ಭಾಗವೆಲ್ಲ ಕೆಂಪಾಗಿತ್ತು. ಏಕನಾಥ ಅವಳನ್ನು ಗ್ಯಾಸಿನ ಸಿಲಿಂಡರಿನ ಮೇಲೆ ಎತ್ತಿ ಒಗೆದಿದ್ದ. ಆಸ್ಪತ್ರೆಯಿಂದಲೇ ಪೊಲೀಸರಿಗೆ ತಿಳಿಸಿದ್ದರು, ಅವನು ಓಡಿಹೋಗಿದ್ದ. ಆಕೆ ಗೆಳತಿಯೊಬ್ಬಳ ಖೋಲಿಯಲ್ಲಿ ಮಗಳ ಜೊತೆ ಇದ್ದಳು.

“ಅಕ್ಕೋರ, ಇಕೀನ್ನ ನನ್ನ ಕೈಯಾಗ ಬಿಟ್ಟ ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ್ರಿ. ಅವ ಬಂದ್ರೂ ಕೊಡಬ್ಯಾಡ್ರಿ. ಇಕೀನ್ನ ಒಯ್ದ್ರ ನಾ ತಾನಾಗೇ ಹಿಂದ ಬರ್ತೀನಿ ಅಂತ ಅವಗ ಗೊತ್ತೈತಿ.”

“ಕೊಡೂದಿಲ್ಲ,” ಎಂದಳು ವರದಾ.

ಗಂಗೂಬಾಯಿಗೆ ಇದು ಇಷ್ಟವಾಗಲಿಲ್ಲ. ಅಪ್ಪ ಅಪ್ಪನೇ, ಬಂದು ಕೇಳಿದರೆ ಯಾವ ಅಧಿಕಾರದಿಂದ ಇಲ್ಲವೆನ್ನುತ್ತೀಯ, ಗಂಡಹೆಂಡಿರ ಜಗಳದಲ್ಲಿ ನಮ್ಮ ಬಾಗಿಲು ಯಾಕೆ ಮುರಿಸಿಕೊಳ್ಳಬೇಕು ಎಂದರು. ಆದರೂ ಪೊಲೀಸ್ ಚೌಕಿಗೆ ಒಮ್ಮೆ ಹೋಗಿ ಹೇಳಿ ಬಂದರು. ಅಲ್ಲಿಯವರು, ಏನಾದರೂ ಆದರೆ ಫೋನ್ ಮಾಡಿ ಎಂದರು.

ಆದದ್ದು ಡಿಸೆಂಬರಿನ ಒಂದು ಬೆಳಗ್ಗೆ. ಗಂಗೂಬಾಯಿ ಬ್ಯಾಂಕಿಗೆ ಹೋಗಿದ್ದರು. ಮಕ್ಕಳು ಬೆಂಡೆಕಾಯಿಯ ಅಚ್ಚು ಒತ್ತುತ್ತಿದ್ದವು. ಕಾಯಿಯನ್ನು ಅಡ್ಡ ಕತ್ತರಿಸಿ ನೀಲಿ ಬಣ್ಣದಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದರೆ ಹೂವು ಮೂಡುತ್ತದೆ. ಎಲ್ಲರ ಬೆರಳೂ ನೀಲಿ, ಕೆಲವರ ಮೂಗೂ ನೀಲಿ. ಕಲ್ಲವ್ವ ಅಂಗಳದಲ್ಲಿ ಹಿಂದಿನ ದಿನದ ಕಾಗದಗಳನ್ನು ಒಣಹಾಕುತ್ತಿದ್ದಳು.

ಏಕನಾಥ ಗೇಟು ತೆಗೆದು ಬಂದ. ಹೆಗಲಿಗೆ ಗೋಣಿಚೀಲ ಸುತ್ತಿದ ಏನೋ ಒಂದಿತ್ತು. ಕಲ್ಲವ್ವ ಅಡ್ಡ ಹೋಗಿ ಯಾರು ಬೇಕು ಎಂದು ಮರಾಠಿಯಲ್ಲಿ ಕೇಳಿದಳು. ಅವನು ಗೋಣಿ ಬಿಚ್ಚಿ ಕೊಯ್ತಾ ತೆಗೆದು, ಅದರ ಹಿಂಬದಿಯಿಂದ ಅವಳ ಹೆಗಲಿಗೆ ಬೀಸಿದ. ಆಕೆ ತೊಳೆಯಲಿಟ್ಟಿದ್ದ ಬಕೆಟ್ಟಿನ ಮೇಲೆ ಬಿದ್ದಳು. ಬಿದ್ದಲ್ಲಿಂದಲೇ ಕನ್ನಡದಲ್ಲಿ ಚೀರಿದಳು: “ಅಕ್ಕೋರ, ಬಾಗಲಾ ಹಾಕ್ರಿ! ಕೊಯ್ತಾ ತಂದಾನ!”

ವರದಾ ಬಾಗಿಲು ಹಾಕಿ ಚಿಲಕ ಎಳೆದಳು. ಪ್ಲೈವುಡ್ಡಿನ ಬಾಗಿಲು, ಮಳೆಗೆ ಉಬ್ಬಿ ತಳ ಸೀಳಿತ್ತು. ಕಿಟಕಿಗಳಿಗೆ ಸರಳು. ಹಿಂದಿನ ಕೋಣೆಗೆ ಗಂಗೂಬಾಯಿ ಬೀಗ ಹಾಕಿದ್ದರು. ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ. ಮಕ್ಕಳು ಬೆಂಡೆಕಾಯಿ ಹಿಡಿದುಕೊಂಡೇ ಅವಳನ್ನು ನೋಡುತ್ತಿದ್ದವು.

“ಆಮೆ!” ಎಂದಳು. ದನಿ ಎಂದಿನಂತೆ ಬಂತು. “ಎಲ್ಲರೂ ಮೇಜಿನ ಕೆಳಗೆ ಆಮೆ. ಕಣ್ಣು ಮುಚ್ಚಿ.”

ಅವು ಮೇಜುಗಳ ಕೆಳಗೆ ನುಗ್ಗಿ ಚಿಪ್ಪಾದವು. ಶ್ರದ್ಧಾ ಕಪಾಟಿನ ಪಕ್ಕದ ಮೇಜಿನಡಿ ಹೋದಳು.

ಮೊದಲು ಒದೆತಗಳು ಬಿದ್ದವು. “ದಾರ ಉಘಡ!” ಬಾಗಿಲು ತೆಗೆ ಎಂದು ಮರಾಠಿಯಲ್ಲಿ ಅರಚಿದ. ಗೇಟಿನಾಚೆ ಜನ ಸೇರುತ್ತಿದ್ದ ಸದ್ದು ಕೇಳುತ್ತಿತ್ತು. ಹತ್ತಿರ ಯಾರೂ ಬರಲಿಲ್ಲ. ಕೊಯ್ತಾ ಹಿಡಿದವನ ಹತ್ತಿರ ಬರಿಗೈಲಿ ಯಾರು ಬರುತ್ತಾರೆ? ಕೆಲವರು ಮೊಬೈಲು ಎತ್ತಿ ಹಿಡಿದಿದ್ದರಂತೆ. ವರದಾ ಬಾಗಿಲಿಗೆ ಬೆನ್ನು ಕೊಟ್ಟು, ಪೊಲೀಸರಿಗೆ ಫೋನ್ ಹಚ್ಚಿ ಓಣಿಯ ಹೆಸರು ಹೇಳಿದಳು. ಅಷ್ಟರಲ್ಲಿ ಕೊಯ್ತಾದ ಮೊದಲ ಏಟು ಬಿತ್ತು. ಅವಳ ತಲೆಯ ಪಕ್ಕದಲ್ಲೇ ಪ್ಲೈವುಡ್ಡು ಸೀಳಿ ಅಲಗಿನ ತುದಿ ಒಳಗೆ ಬಂತು, ಹಿಂದಕ್ಕೆ ಹೋಯಿತು. ಫೋನು ಕೈಯಿಂದ ಬಿತ್ತು.

ಏಕನಾಥ ಭಾಷೆ ಬದಲಿಸಿದ. ಸೀಳಿಗೆ ಬಾಯಿ ಹಚ್ಚಿ ಕನ್ನಡದಲ್ಲಿ ಶುರುಮಾಡಿದ. ಓಣಿಯಲ್ಲಿ ನಿಂತ ಯಾರಿಗೂ ಅದು ತಿಳಿಯುವಂತಿರಲಿಲ್ಲ.

“ಟೀಚರ್ ಬಾಯಿ, ನನ್ನ ಮಗಳನ್ನ ಕೊಡ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಕೊಡಲಿಲ್ಲಂದ್ರ ನಿನ್ನ ಕಡದು ಒಯ್ತೇನಿ.”

“ಕೊಡೂದಿಲ್ಲ.”

“ನೀ ಯಾವಾಕಿ ಕೇಳಾಕಿ? ನಿನಗ ಮಕ್ಕಳದಾವೇನ?”

ವರದಾ ಬಾಗಿಲಿಗೆ ಬೆನ್ನು ಇನ್ನಷ್ಟು ಒತ್ತಿದಳು. ಮತ್ತೊಂದು ಏಟು, ಮತ್ತೊಂದು. ತೂತು ದೊಡ್ಡದಾಯಿತು. ಅದರೊಳಗಿಂದ ಒಂದು ಕೈ ಬಂದು ಚಿಲಕವನ್ನು ತಡಕಾಡತೊಡಗಿತು. ಗೋರಂಟಿ ಬಣ್ಣದ ದಾರ ಕಟ್ಟಿದ ಮಣಿಕಟ್ಟು, ಕರಿ ಹತ್ತಿದ ಉಗುರು. ವರದಾ ಸುತ್ತ ನೋಡಿದಳು. ಕಿಟಕಿಯ ಕಟ್ಟೆಯ ಮೇಲೆ ಕುಟ್ಟಾಣಿ ಇತ್ತು, ಅದರೊಳಗೆ ಕಬ್ಬಿಣದ ಕೋಲು. ಅದನ್ನು ಎತ್ತಿಕೊಂಡು ಆ ಕೈಯ ಮೇಲೆ ಬೀಸಿದಳು. ಮೂಳೆ ಮುರಿದ ಸದ್ದು ಕೊತ್ತಂಬರಿ ಕುಟ್ಟಿದಷ್ಟೇ ಸಣ್ಣದಾಗಿ ಕೇಳಿತು. ಹೊರಗೆ ಅವನು ಊಳಿಟ್ಟ. ಕೈ ಹಿಂದಕ್ಕೆ ಹೋಯಿತು, ಆದರೆ ಹೋಗುವಾಗ ಚಿಲಕವನ್ನು ಎಳೆದು ತೆರೆದೇ ಹೋಯಿತು.

ಅವನು ಹೆಗಲು ಕೊಟ್ಟು ನುಗ್ಗಿದ. ಬಾಗಿಲ ಜೊತೆ ವರದಾ ಗೋಡೆಗೆ ಬಿದ್ದಳು. ಮುರಿಯದ ಕೈಯಲ್ಲಿ ಕೊಯ್ತಾ ಬೀಸಿದ. ಅವಳು ಮುಖಕ್ಕೆ ಅಡ್ಡ ಹಿಡಿದ ಬಲಗೈ ಮೊಣಕೈ ಕೆಳಗೆ ಸೀಳಿತು. ಮೊದಲು ನೋವಾಗಲಿಲ್ಲ, ಬಿಸಿನೀರು ಚೆಲ್ಲಿದಂತಾಯಿತು. ಬೆರಳುಗಳು ತಾವಾಗಿ ಬಿಚ್ಚಿಕೊಂಡು ಕೋಲು ನೆಲಕ್ಕೆ ಬಿತ್ತು. ಅವನು ಅವಳನ್ನು ದಾಟಿ ಒಳಗೆ ಹೋದ.

ಕೋಣೆಯ ನಡುವೆ ನಿಂತು ಅವನು ದನಿ ಇಳಿಸಿದ. ಎಷ್ಟು ಮೆತ್ತಗೆ ಕರೆದನೆಂದರೆ, ಆ ಕ್ಷಣಕ್ಕೆ ವರದಾಗೆ ಅವನು ಬೀಸಿದ ಕೊಯ್ತಾಕ್ಕಿಂತ ಆ ದನಿಗೆ ಹೆಚ್ಚು ಭಯವಾಯಿತು.

“ಶ್ರದ್ಧಾ... ಬಾರವಾ. ಪಪ್ಪಾ ಬಂದಾನ ನೋಡು.”

ಮೇಜಿನ ಕೆಳಗಿನಿಂದ ಹುಡುಗಿ ತೆವಳಿಕೊಂಡು ಹೊರಗೆ ಬಂದಳು. ಅಳುತ್ತಿರಲಿಲ್ಲ. ಗೊಂಬೆಯ ತಲೆ ಬಡಿಯುವಾಗ ಇದ್ದ ಅದೇ ಖಾಲಿ ಮುಖ. ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ, ಅಪ್ಪನ ಕಡೆ ನಡೆದಳು. ಅವನು ಮುರಿದ ಕೈಯಿಂದಲೇ ಅವಳ ಜಡೆಯನ್ನು ಹಿಡಿಯಲು ಬಾಗಿದ.

ವರದಾ ಎಡಗೈಯಿಂದ ಕಬ್ಬಿಣದ ಕೋಲು ಎತ್ತಿಕೊಂಡಳು. ಹಿಂದಿನಿಂದ ಬಂದು ಅವನ ಕಿವಿಯ ಮೇಲ್ಭಾಗಕ್ಕೆ ಹೊಡೆದಳು. ಅವನು ಮಂಡಿಯೂರಿದ. ಕೊಯ್ತಾ ನೆಲಕ್ಕೆ ಬಿದ್ದು ಜಾರಿ ಗೊಂಬೆಮನೆಯ ಮೂಲೆಗೆ ಹೋಯಿತು. ಎರಡನೆಯ ಏಟಿಗೆ ಅವನು ಬಣ್ಣದ ತಟ್ಟೆಗಳ ಮೇಲೆ ಮುಖ ಕೆಳಗಾಗಿ ಬಿದ್ದ.

ಇಲ್ಲಿಗೆ ನಿಂತಿದ್ದರೆ ಓಣಿಯವರು ಆಮೇಲೆ ಹೇಳಿಕೊಂಡ ಕಥೆಯೇ ನಿಜವಾಗುತ್ತಿತ್ತು. ವರದಾ ನಿಲ್ಲಲಿಲ್ಲ. ಬಿದ್ದವನ ಬೆನ್ನಿಗೆ ಹೊಡೆದಳು, ಭುಜಕ್ಕೆ ಹೊಡೆದಳು, ಎದ್ದೇಳಲು ಊರಿದ ಕೈಗೆ ಹೊಡೆದಳು, ಅವನು ತಿರುಗಿ ಮುಖ ತೋರಿಸಿದಾಗ ಮುಖಕ್ಕೂ ಹೊಡೆದಳು. ಬಲಗೈಯ ರಕ್ತ ಅವನ ಮೇಲೂ ಕಾಗದಗಳ ಮೇಲೂ ಚಿಮ್ಮುತ್ತಿತ್ತು. ಅವನು “ಬ್ಯಾಡ... ಬ್ಯಾಡ್ರಿ...” ಎನ್ನುತ್ತಿದ್ದ. ಅವಳೂ ಏನೋ ಹೇಳುತ್ತಿದ್ದಳು. ಏನು ಹೇಳುತ್ತಿದ್ದೇನೆಂದು ಅವಳಿಗೇ ಕೇಳಿಸಿದ್ದು ಕಲ್ಲವ್ವ ಹಿಂದಿನಿಂದ ಬಂದು ತಬ್ಬಿ ಹಿಡಿದಾಗ.

“ಬರ್ತದೋ ಇಲ್ಲೋ? ಬರ್ತದೋ ಇಲ್ಲೋ?”

“ಸಾಕ್ರೀ ಅಕ್ಕೋರ! ಸಾಕ್ ಮಾಡ್ರಿ! ಹುಡುಗೂರು ನೋಡಾಕತ್ತಾವ!”

ವರದಾ ತಲೆ ಎತ್ತಿದಳು. ಮಕ್ಕಳೆಲ್ಲ ಕಣ್ಣು ತೆರೆದಿದ್ದವು. ಒಬ್ಬ ಮಾತ್ರ ಇನ್ನೂ ಮೇಜಿನಡಿ ಚಿಪ್ಪಾಗಿ ಬೆನ್ನು ಮೇಲೆ ಮಾಡಿ ಕೂತಿದ್ದ, ಟೀಚರ್ ಬಂದು ಕೈಯಾಡಿಸಲಿ ಎಂದು. ಶ್ರದ್ಧಾ ಗೋಡೆಗೆ ಅಂಟಿಕೊಂಡಿದ್ದಳು. ಅವಳ ಫ್ರಾಕಿನ ಮುಂಭಾಗ ಒದ್ದೆಯಾಗಿತ್ತು. ಅವಳು ನೋಡುತ್ತಿದ್ದುದು ನೆಲದ ಮೇಲಿದ್ದ ಅಪ್ಪನನ್ನಲ್ಲ, ವರದಾಳನ್ನು.

ಪೊಲೀಸರು ಬಂದರು. ಏಕನಾಥನನ್ನು ಸ್ಟ್ರೆಚರಿನಲ್ಲಿ ಒಯ್ದರು. ತಲೆಬುರುಡೆ ಬಿರುಕು ಬಿಟ್ಟಿತ್ತು, ಎರಡೂ ಕೈ ಮುರಿದಿದ್ದವು, ಬಲಗಣ್ಣು ಹೋಯಿತು. ಬದುಕಿದ. ಆಸ್ಪತ್ರೆಯಿಂದ ನೇರ ಜೈಲಿಗೆ ಹೋದ. ಕಲ್ಲವ್ವನ ಹೆಗಲಿಗೆ ಊತ ಬಂದು ಹಲವು ವಾರ ಕೈ ಎತ್ತಲಾಗಲಿಲ್ಲ. ವರದಾಳ ಬಲಗೈಯ ನರಗಳನ್ನು ಡಾಕ್ಟರು ಹೊಲಿದರು. ಕೊನೆಯ ಎರಡು ಬೆರಳು ಮತ್ತೆ ಮಡಚಲಿಲ್ಲ.

ಆಸ್ಪತ್ರೆಯಲ್ಲಿ ಬಾಳಕೃಷ್ಣ ಹಾಸಿಗೆಯ ಪಕ್ಕದಲ್ಲಿ ಕೂತು ಅವಳ ಎಡಗೈ ಹಿಡಿದುಕೊಂಡಿದ್ದ. ಅವಳು ಆ ಕೈಯನ್ನು ಬಿಡಿಸಿಕೊಂಡಳು.

“ಈ ಕೈಯಿಂದನ ಹೊಡದೆ,” ಎಂದಳು.

“ಹೊಡೀದಿದ್ರ ನೀ ಉಳೀತಿರಲಿಲ್ಲ.”

“ಮೊದಲಿನ ಎರಡು ಏಟಿನ ಮಾತು ಹೇಳ್ಲಿಕ್ಕತ್ತಿಲ್ಲ ನಾ. ಆಮ್ಯಾಲಿನ ಮಾತು ಹೇಳ್ಲಿಕ್ಕತ್ತೀನಿ. ಅವ ಬ್ಯಾಡ ಅಂದ. ನನಗ ಕೇಳಿಸ್ತು. ಕೇಳಿಸಿದ್ರೂ ಹೊಡದೆ.” ಎಡಗೈಯನ್ನು ಹೊದಿಕೆಯೊಳಗೆ ಸರಿಸಿಕೊಂಡು ಹೇಳಿದಳು: “ಹಿತ ಅನಸ್ತಿತ್ತು.”

ಬಾಳಕೃಷ್ಣ ಎದ್ದು ಹೋಗಿ ಅವಳಿಗೆ ಚಹಾ ತಂದ.

ಓಣಿಯ ಬಾಯಲ್ಲಿ ಬೇರೆ ಕಥೆ ಓಡಿತು. ಮೊಬೈಲಿನ ವಿಡಿಯೊ ಊರೆಲ್ಲ ತಿರುಗಿತು. ಅದರಲ್ಲಿ ಬಾಗಿಲು ಮುರಿಯುವುದಷ್ಟೇ ಇತ್ತು, ಒಳಗಿನದು ಇರಲಿಲ್ಲ. ಓಣಿಯ ಗಣಪತಿ ಮಂಡಳದ ಹುಡುಗರು ಗೇಟಿನ ಮೇಲೆ ದೊಡ್ಡ ಫ್ಲೆಕ್ಸ್ ಕಟ್ಟಿದರು: ಅವಳ ಫೋಟೊ, ಹಿಂದೆ ಬೆಂಕಿಯ ಚಿತ್ರ, ‘ರಣರಾಗಿಣಿ’, ಅಂದರೆ ರಣಚಂಡಿ, ಎಂಬ ಅಕ್ಷರ, ಕೆಳಗೆ ತಮ್ಮೆಲ್ಲರ ಮುಖಗಳು. ತೆಗೆಯಿರಿ ಎಂದು ವರದಾ ಕೇಳಿಕೊಂಡಳು. ಅವರು ನಕ್ಕು ಅವಳ ಕಾಲಿಗೆ ಬಿದ್ದರು. ಕೊನೆಗೆ ಅವಳೇ ಸ್ಟೂಲು ಹತ್ತಿ, ಎಡಗೈಯಿಂದ ಕತ್ತರಿ ಹಿಡಿದು, ಹಗ್ಗ ಕತ್ತರಿಸಿ ಹಾಕಿದಳು. ಮಂಡಳದವರಿಗೆ ಸಿಟ್ಟು ಬಂತು. ಮುಂದೆ ಅವರು ಅವಳನ್ನು ನೋಡಿದರೂ ನೋಡದಂತೆ ಹೋಗುತ್ತಿದ್ದರು.

ಕೋರ್ಟಿನಲ್ಲಿ ಏಕನಾಥನ ವಕೀಲ ಕೇಳಿದ: ಕೊಯ್ತಾ ಕೈಬಿಟ್ಟ ಮೇಲೆ ಎಷ್ಟು ಸಲ ಹೊಡೆದಿರಿ? ಸರಕಾರಿ ವಕೀಲರು ನೆನಪಿಲ್ಲ ಎಂದು ಹೇಳಿ ಎಂದು ಮೊದಲೇ ಕಲಿಸಿದ್ದರು. ವರದಾ, “ಎಣಿಸಲಿಲ್ಲ. ಬಹಳ ಸಲ” ಎಂದಳು. ನ್ಯಾಯಾಧೀಶರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಬರೆದುಕೊಂಡರು. ಅವಳ ಮೇಲೆ ಕೇಸು ಆಗಲಿಲ್ಲ. ಏಕನಾಥನಿಗೆ ಶಿಕ್ಷೆಯಾಯಿತು.

ಆದರೆ ಅದೆಲ್ಲ ಮುಂದಿನ ಮಾತು. ಅದಕ್ಕೂ ಮೊದಲು, ಹೊಲಿಗೆ ಬಿಚ್ಚಿದ ವಾರವೇ ವರದಾ ತರಗತಿಗೆ ಹೋದಳು. ಕಬ್ಬಿಣದ ಹೊಸ ಬಾಗಿಲು ಬಂದಿತ್ತು. ಗಂಗೂಬಾಯಿ ನೆಲ ತೊಳೆಸಿ ಗೋಡೆಗೆ ಸುಣ್ಣ ಬಳಿಸಿದ್ದರು. ಅರ್ಧ ಮಕ್ಕಳನ್ನು ತಂದೆತಾಯಿಯರು ಬಿಡಿಸಿಕೊಂಡು ಹೋಗಿದ್ದರು. ಉಳಿದವು ಗೊಂಬೆಮನೆಯ ಮೂಲೆಯಲ್ಲಿ ಗುಂಪಾಗಿದ್ದವು, ಹೊಸ ಆಟವೊಂದರಲ್ಲಿ ಮುಳುಗಿದ್ದವು. ಒಬ್ಬ ನೆಲದ ಮೇಲೆ ಮಲಗಿ “ನಕೋ, ನಕೋ,” ಬೇಡ ಬೇಡ ಎಂದು ಮರಾಠಿಯಲ್ಲಿ ಗೋಗರೆಯುತ್ತಿದ್ದ. ಮಂದಾರ ಮರದ ತುಂಡು ಹಿಡಿದು ಅವನ ಬೆನ್ನಿಗೆ ಬಡಿಯುತ್ತಿದ್ದ. ಉಳಿದವು ಸುತ್ತ ಕುಣಿಯುತ್ತಿದ್ದವು.

“ಇದು ಯಾರು?” ಎಂದು ವರದಾ ಕೇಳಿದಳು.

“ನಾನು ನೀವು!” ಎಂದ ಮಂದಾರ. ಹೆಮ್ಮೆಯಿಂದ ಹೇಳಿದ. ಮಲಗಿದ್ದ ಹುಡುಗ ಎದ್ದು ಕೂತ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು.

ಕಲ್ಲವ್ವ ಗದರಿಸಲು ಬಾಯಿ ತೆರೆದಳು. ವರದಾ ಬೇಡವೆಂದು ಸನ್ನೆ ಮಾಡಿ ಅವುಗಳ ನಡುವೆ ನೆಲದ ಮೇಲೆ ಕೂತಳು. ಹೊಲಿಗೆಯ ಗುರುತಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಮಕ್ಕಳಿಗೆ ತಿಳಿಯುವ ಸಣ್ಣ ಸಣ್ಣ ಮರಾಠಿ ಮಾತುಗಳಲ್ಲಿ ಹೇಳಿದಳು:

“ಅವನು ಶ್ರದ್ಧಾಳನ್ನು ಎಳೆದುಕೊಂಡು ಹೋಗಲು ಬಂದಿದ್ದ. ತಡೆಯಬೇಕಿತ್ತು. ಅದಕ್ಕೆ ಹೊಡೆದೆ. ಅವನು ಬಿದ್ದ. ಬಿದ್ದ ಮೇಲೂ ಹೊಡೆದೆ. ಅದು ಬೇಕಿರಲಿಲ್ಲ. ಅದು ತಪ್ಪು.”

“ಮತ್ತೆ ಯಾಕೆ ಹೊಡೆದಿರಿ?” ಎಂದಿತು ಒಂದು ಮಗು.

“ಸಿಟ್ಟು ಬಂದಿತ್ತು. ನಿಲ್ಲಿಸಲು ಬರಲಿಲ್ಲ.”

ಮಂದಾರ ಕೈಯಲ್ಲಿದ್ದ ಮರದ ತುಂಡನ್ನು ನೋಡಿಕೊಂಡ. “ನನಗೂ ಬರಲ್ಲ,” ಎಂದ.

ಅಂದಿನಿಂದ ಆ ಕೋಣೆಯಲ್ಲಿ ಹೊಸದೊಂದು ಕೆಲಸ ಶುರುವಾಯಿತು. ಇಬ್ಬಿಬ್ಬರು ಎದುರುಬದುರು ದಿಂಬು ಹಿಡಿದು ನಿಲ್ಲುವುದು. ಹೊಡೆಯಬಹುದು. ಎದುರಿನವರು “ಸಾಕು” ಎಂದ ಕೂಡಲೇ, ಎತ್ತಿದ ಕೈ ಎತ್ತಿದಲ್ಲೇ ನಿಲ್ಲಬೇಕು. ಮೊದಲ ದಿನಗಳಲ್ಲಿ ಯಾರಿಗೂ ಆಗಲಿಲ್ಲ. ದಿಂಬುಗಳು ಹರಿದವು, ಮೂಗುಗಳು ಜಜ್ಜಿಹೋದವು, ಒಬ್ಬಳ ಹಾಲುಹಲ್ಲು ಬಿತ್ತು, ಅವಳ ತಾಯಿ ಬಂದು ಇದೆಂಥ ಪಾಠ ಎಂದು ಜಗಳ ತೆಗೆದಳು. ಗಂಗೂಬಾಯಿ ನಿಲ್ಲಿಸು ಎಂದರು. ವರದಾ ನಿಲ್ಲಿಸಲಿಲ್ಲ. ತಾನೂ ಮಕ್ಕಳ ಎದುರು ದಿಂಬು ಹಿಡಿದು ನಿಂತಳು.

ಶ್ರದ್ಧಾ ಮರಳಿ ಬರಲಿಲ್ಲ. ಸುಗಂಧಾ ಮಗಳನ್ನು ಕರೆದುಕೊಂಡು ಪುಣೆಯಾಚೆಯ ಭೋರ್‌ನಲ್ಲಿದ್ದ ತನ್ನ ದೊಡ್ಡಮ್ಮನ ಮನೆಗೆ ಹೋದಳು. ಬೇಸಿಗೆಯ ಒಂದು ಭಾನುವಾರ ವರದಾ ಬಾಳಕೃಷ್ಣನ ಜೊತೆ ಸರಕಾರಿ ಎಸ್ಟಿ ಬಸ್ಸು ಹತ್ತಿ ಅಲ್ಲಿಗೆ ಹೋದಳು. ಬಜಾರಿನ ಹಿಂದಿನ ಓಣಿಯಲ್ಲಿ ಹಂಚಿನ ಮನೆ, ಮುಂದೆ ಕಟ್ಟೆ. ಸುಗಂಧಾ ಓಡಿಬಂದು ಕಾಲಿಗೆ ಬಿದ್ದಳು. ಅವಳ ಹಿಂದೆ ಬಾಗಿಲಲ್ಲಿ ಶ್ರದ್ಧಾ ಕಾಣಿಸಿಕೊಂಡಳು. ವರದಾಳನ್ನು ನೋಡಿದಳು, ಚೀರಿದಳು. ಆ ಚೀರಾಟಕ್ಕೆ ಪಕ್ಕದ ಮನೆಯವರು ಹೊರಗೆ ಬಂದರು. ಹುಡುಗಿ ಒಳಗೋಡಿ ಜೋಳದ ಚೀಲಗಳ ಸಂದಿಯಲ್ಲಿ ಸೇರಿಕೊಂಡು, ವರದಾ ಹೊರಡುವವರೆಗೂ ಹೊರಗೆ ಬರಲಿಲ್ಲ.

“ತಪ್ಪ ತಿಳೀಬ್ಯಾಡ್ರಿ ಅಕ್ಕೋರ. ಹುಡುಗಿಗೆ ತಿಳೀವಲ್ದು, ನೀವು ಉಳಿಸೀರಂತ.”

“ಅಕಿಗೆ ತಿಳದದ್ದೂ ಖರೇನ ಅದ,” ಎಂದಳು ವರದಾ.

ಮಳೆ ಶುರುವಾದ ಮೇಲೆ ಮತ್ತೆ ಹೋದಳು. ಒಳಗೆ ಹೋಗಲಿಲ್ಲ, ಕಟ್ಟೆಯ ಮೇಲೆ, ಮಾಡಿನ ಕೆಳಗೆ ಕೂತಳು. ಸ್ವಲ್ಪ ಹೊತ್ತಿಗೆ ಮನೆಯ ಪಕ್ಕದ ಸಂದಿಯಿಂದ ಒಂದು ಕಲ್ಲು ಬಂದು ಅವಳ ಹೆಗಲಿಗೆ ಬಿತ್ತು. ತಿರುಗಿ ನೋಡಿದರೆ ಶ್ರದ್ಧಾ, ಲಂಗದ ಮಡಿಲಲ್ಲಿ ಹರಳುಕಲ್ಲು ತುಂಬಿಕೊಂಡು ನಿಂತಿದ್ದಾಳೆ. ಎರಡನೆಯದು ಎದೆಗೆ ಬಿತ್ತು. ಮೂರನೆಯದು ಹಣೆಗೆ ಬಿದ್ದು ಚರ್ಮ ಹರಿಯಿತು. ಈ ಸಲ ಹುಡುಗಿಯ ಮುಖ ಖಾಲಿ ಇರಲಿಲ್ಲ. ಮೂಗು ಅರಳಿತ್ತು, ಹಲ್ಲು ಕಾಣುತ್ತಿತ್ತು, ಗಂಟಲಿನಿಂದ ಏನೋ ಗುರುಗುಡುವ ಸದ್ದು ಬರುತ್ತಿತ್ತು.

ಸುಗಂಧಾ ಹೊರಗೋಡಿ ಬಂದು ಮಗಳಿಗೆ ಹೊಡೆಯಲು ಕೈ ಎತ್ತಿದಳು.

“ಹೊಡೀಬ್ಯಾಡ!” ವರದಾ ಕೂತಲ್ಲಿಂದಲೇ ಕೂಗಿದಳು. “ಬಿಡು. ಒಗೀಲಿ.”

“ರಕ್ತ ಬರಾಕತ್ತೈತ್ರಿ ಅಕ್ಕೋರ!”

“ಬರಲಿ ಬಿಡು.”

ಶ್ರದ್ಧಾ ಒಗೆದಳು. ಕೆಲವು ತಾಗಿದವು, ಕೆಲವು ಗೋಡೆಗೆ ಬಡಿದು ಹಾರಿದವು. ಬಾಳಕೃಷ್ಣ ಎದ್ದು ಹೆಂಡತಿಗೆ ಅಡ್ಡ ನಿಲ್ಲಲು ಹೋದ. ವರದಾ ಅವನ ಅಂಗಿ ಹಿಡಿದು ಕೂರಿಸಿದಳು. ಲಂಗದಲ್ಲಿನ ಕಲ್ಲು ಮುಗಿದವು. ಹುಡುಗಿ ಏದುಸಿರು ಬಿಡುತ್ತ, ಖಾಲಿ ಮಡಿಲು ಹಿಡಿದುಕೊಂಡೇ ನಿಂತಳು. ಅಳು ಬಂತು. ಬಾಯಿ ದೊಡ್ಡದಾಗಿ ತೆರೆದು, ಸುಗಂಧಾ ಆಮೇಲೆ ಹೇಳಿದಂತೆ, ಡಿಸೆಂಬರಿನಿಂದ ಅತ್ತಿರದಿದ್ದ ಅಳು ಅತ್ತಳು. ತಾಯಿ ಎತ್ತಿಕೊಂಡಳು. ತಾಯಿಯ ಹೆಗಲ ಮೇಲಿಂದ ವರದಾಳನ್ನು ನೋಡುತ್ತಲೇ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೂ ಸುಗಂಧಾ ಜೊತೆಗೆ ಬಂದಳು. ನಡೆಯುತ್ತ ನಡೆಯುತ್ತ ನೆಲ ನೋಡಿಕೊಂಡೇ ಕೇಳಿದಳು:

“ಮತ್ತ ಬರ್ತೀರೇನ್ರಿ?”

“ಬರ್ತೀನಿ.”

ಪುಣೆಯ ಬಸ್ಸು ತುಂಬಿತ್ತು. ಬಾಳಕೃಷ್ಣ ಹೇಗೋ ಒಂದು ಸೀಟು ಹಿಡಿದು ಅವಳನ್ನು ಕೂರಿಸಿದ. ಕರವಸ್ತ್ರ ನೀರಲ್ಲಿ ಅದ್ದಿ ಅವಳ ಹಣೆಯ ರಕ್ತ ಒರೆಸಿದ. ಘಾಟಿನ ತಿರುವಿನಲ್ಲಿ ಬಸ್ಸು ವಾಲಿದಾಗ ಅವನ ಕೈ ಜಾರಿ ಗಾಯಕ್ಕೆ ಒತ್ತಿತು.

“ನೋವಾತೇನು?”

“ಹೂಂ. ನೋಯ್ತದ,” ಎಂದಳು ವರದಾ, ಮತ್ತು ಅವನ ಕೈಯನ್ನು ಅಲ್ಲೇ ಹಿಡಿದುಕೊಂಡಳು.